ಸನ್ಮಾನ್ಯ ಜೆಡಿಕೆಯವರಿಗೆ ಶಾಲು, ಹಾರ ಮತ್ತು ಪಾತ್

ಅಧ್ಯಕ್ಷತೆ ವಹಿಸಿ ಆಗಿನಿಂದ ಬೀಪ್ ಬೀಪ್ ಎನ್ನುತ್ತಿರುವ ಯುಪಿಎಸ್ ಅವರೇ, ಅಪ್‌ಡೇಟ್ ಮುಗಿಸಿ ತಡವಾಗಿ ಬಂದ ಮುಖ್ಯ ಅತಿಥಿ ವಿಂಡೋಸ್ ಅವರೇ, ಮಳೆಯಲ್ಲೂ ಬಂದು ಕೂತ ಖಾನಾಪುರದ ಬಂಧುಗಳೇ,

ಸನ್ಮಾನಿತರ ಪರಿಚಯಕ್ಕೆ ಐದೇ ನಿಮಿಷ ಅಂದಿದ್ದಾರೆ. ಇನ್‌ಸ್ಟಾಲ್ ಮಾಡುವವರೂ ಹಾಗೇ ಅನ್ನುತ್ತಾರೆ.

ಇವರು ಹುಟ್ಟಿದ್ದು ಸನ್ ಮೈಕ್ರೊಸಿಸ್ಟಮ್ಸ್ ಮನೆತನದಲ್ಲಿ, ಜೇಮ್ಸ್ ಗೊಸ್ಲಿಂಗ್ ಮತ್ತವರ ಸಂಗಡಿಗರ ಕೈಯಲ್ಲಿ. ಮೊದಲಿಟ್ಟ ಹೆಸರು ಓಕ್; ಅದು ಬೇರೆಯವರ ಟ್ರೇಡ್‌ಮಾರ್ಕ್ ಎಂದು ತಿಳಿದು ಜಾವಾ ಆಯಿತು. 1996ರಲ್ಲಿ ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರ ಸಲಕರಣೆ ಪೆಟ್ಟಿಗೆಯಾದ ಮೊದಲ ಜೆಡಿಕೆ ಹೊರಬಂತು, 2010ರಲ್ಲಿ ಮನೆತನವೇ ಒರಾಕಲ್ ಪಾಲಾಯಿತು. ಇಂದು ನಮ್ಮೆದುರು ಇರುವವರು ಓಪನ್‌ಜೆಡಿಕೆ 21, ಜಿಪ್ ರೂಪದಲ್ಲಿ. ಬೆಳಗಾವಿಯಲ್ಲಿ ಡೌನ್‌ಲೋಡ್ ಆಗಿ, ಪೆನ್‌ಡ್ರೈವ್ ಸೇರಿ, ಬಸ್ಸಿನಲ್ಲಿ ಉದ್ಯಮಬಾಗ ದಾಟಿ, ಮಚ್ಛೆಯಲ್ಲಿ ವಿಟಿಯು ಜ್ಞಾನಸಂಗಮಕ್ಕೆ ದೂರದಿಂದಲೇ ಕೈಮುಗಿದು ಇಲ್ಲಿಗೆ ಬಂದಿದ್ದಾರೆ.

ಜಿಪ್ ಬಿಚ್ಚಿದೆವು, ಚಪ್ಪಾಳೆ ಬಿತ್ತು. ಆಮೇಲೆ ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿಯಲ್ಲಿ, ಕಂಪೈಲ್ ಮಾಡುವ ‘ಜಾವಾಸಿ’ಯವರನ್ನು ಹೆಸರು ಹಿಡಿದು ಕರೆದರೆ ವಿಂಡೋಸ್ ಸಾಹೇಬರು ಏನಂದರು? ಈ ಹೆಸರಿನವರು ಒಳಗಿನವರೂ ಅಲ್ಲ, ಹೊರಗಿನವರೂ ಅಲ್ಲ! ಗಡಿ ತಾಲ್ಲೂಕಿನಲ್ಲಿ ನಿಂತು ಇಂಥಾ ಮಾತು ಆಡಬಾರದ್ರಿ ಸಾಹೇಬ್ರ, ನಾಳೆನೇ ಮೋರ್ಚಾ ಬರ್ತದ.

ತಪ್ಪು ಅತಿಥಿಯದಲ್ಲ, ಆಮಂತ್ರಣ ಪತ್ರಿಕೆಯದು. ಆ ಪತ್ರಿಕೆಯ ಹೆಸರೇ ಪಾತ್. ಅತಿಥಿ ಡಿಸ್ಕಿನ ಮೇಲೆ ಕಾಲು ಚಾಚಿ ಕೂತಿದ್ದರೂ ಪತ್ರಿಕೆಯಲ್ಲಿ ಅವರ ಬಿನ್ ಫೋಲ್ಡರ್ ಅಚ್ಚಾಗಿರದಿದ್ದರೆ ವೇದಿಕೆಗೆ ಕರೆ ಇಲ್ಲ. ಅಚ್ಚಾದರೂ ಸಾಲದು, ಮೊದಲು ಯಾರ ಹೆಸರಿದೆಯೋ ಅವರಿಗೇ ಮೈಕು. ಈ ಯಂತ್ರದಲ್ಲಿ ಯಾರೋ ಎಂದೋ ಹಾಕಿಹೋದ, ಕಂಪೈಲ್ ಮಾಡಲು ಬಾರದ, ಓಡಿಸಲಷ್ಟೇ ಬಲ್ಲ ಜಾವಾ 8 ಮಹಾಶಯರು ಸಿಸ್ಟಮ್ ಪಾತ್‌ನ ಮೊದಲ ಕುರ್ಚಿಯಲ್ಲಿ ಭದ್ರವಾಗಿದ್ದಾರೆ. ನಾವು ಪಾಪ, ಯೂಸರ್ ಪಾತ್‌ನಲ್ಲಿ ಹೊಸಬರ ಹೆಸರು ಬರೆದೆವು. ವಿಂಡೋಸ್ ಓದುವುದು ಸಿಸ್ಟಮ್ ಪಟ್ಟಿಯನ್ನು ಮೊದಲು, ಯೂಸರ್ ಪಟ್ಟಿಯನ್ನು ಆಮೇಲೆ. ಹಾಗಾಗಿ ಕಂಪೈಲ್ ಮಾಡಿದ್ದು 21, ಓಡಿಸಲು ಎದ್ದುನಿಂತದ್ದು 8. ಕಂಪೈಲ್ ಆಗಿ ಹೊರಬಂದ ಕ್ಲಾಸ್ ಫೈಲಿನ ನಂಬರು 65. ನನಗೆ 52ರ ಆಚೆ ಓದಲು ಬಾರದು ಎಂದು ಹಿರಿಯರು ಕೂತುಬಿಟ್ಟರು. ಸಿಸ್ಟಮ್ ಪಾತ್‌ನಲ್ಲಿ ಹೊಸಬರ ಹೆಸರು ಸೇರಿಸಿ, ‘ಮೂವ್ ಅಪ್’ ಒತ್ತಿ ತುದಿಗೆ ತಂದ ಮೇಲೆಯೇ ಸಭೆ ಮುಂದೆ ಸಾಗಿದ್ದು.

ಜೆಡಿಕೆಯವರ ಮನೆ ಎಲ್ಲಿದೆ ಎಂದು ಬೇರೆ ತಂತ್ರಾಂಶಗಳಿಗೆ ತೋರಿಸುವ ಜಾವಾ_ಹೋಮ್ ಅವರಿಗೂ ಒಂದು ಹಾರ. ಅಲ್ಲಿ ಮಾತ್ರ ಬಿನ್ ಸೇರಿಸಬೇಡಿ, ಅದರ ಮೇಲಿನ ಫೋಲ್ಡರ್ ಸಾಕು.

ವೇದಿಕೆಯ ಮೇಲಿನ ಮೇಷ್ಟ್ರುಗಳಿಗೆ ಒಂದು ಮಾತು. ಹುಡುಗರಿಗೆ ಇನ್‌ಹೆರಿಟೆನ್ಸ್ ಕಲಿಸುತ್ತೀರಿ, ಪಾಲಿಮಾರ್ಫಿಸಂ ಕಲಿಸುತ್ತೀರಿ. ಲ್ಯಾಬಿನಲ್ಲಿ ಎಲ್ಲವೂ ಮೊದಲೇ ಹೂಡಿಟ್ಟಿರುತ್ತದೆ. ಮನೆಗೆ ಹೋದ ಹುಡುಗಿ ಮೊದಲ ಸಂಜೆಯೇ ಪಾತ್ ಎದುರು ಸೋತು, ಪ್ರೋಗ್ರಾಮಿಂಗೇ ತನಗೆ ಬಾರದು ಅಂದುಕೊಳ್ಳುತ್ತಾಳೆ. ಮೊದಲ ಪ್ರಾಕ್ಟಿಕಲ್ ಇದೇ ಆಗಬೇಕು: ಖಾಲಿ ಯಂತ್ರ ಕೊಡಿ, ಹೂಡಲು ಹೇಳಿ, ಮಾರ್ಕ್ಸ್ ಹಾಕಿ.

ಕೊನೆಯದಾಗಿ ಸಭಿಕರಲ್ಲಿ ವಿನಂತಿ. ತೆರೆದಿಟ್ಟ ಕಪ್ಪು ಕಿಟಕಿಗಳನ್ನೆಲ್ಲ ಮುಚ್ಚಿರಿ, ಅವಕ್ಕೆ ಹೊಸ ಪಾತ್ ಗೊತ್ತಾಗುವುದಿಲ್ಲ. ಹೊಸದೊಂದನ್ನು ತೆರೆದು ಜಾವಾಗೂ ಜಾವಾಸಿಗೂ ಬೇರೆಬೇರೆಯಾಗಿ ವರ್ಷನ್ ಕೇಳಿರಿ. ಇಬ್ಬರೂ 21 ಅಂದರೆ ಮಾತ್ರ ಬೆಳಗಾವಿಯಿಂದ ತಂದ ಕುಂದಾದ ಡಬ್ಬಿ ಬಿಚ್ಚಿರಿ.