ಅಷ್ಟಮ ಗುರುವೂ ಅಜ್ಜಿಯ ಮೂಗುತಿಯೂ

“ಸರ್ವೇನಾ ಸಾರ್?”

ವಳ್ಳೂರಿನ ಹೊಲದ ಬದುವಿನ ಮೇಲೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಒಂದು ಕಣ್ಣು ಮುಚ್ಚಿಕೊಂಡು ಬಗ್ಗಿದ್ದ ನನಗೆ ಅರ್ಧ ಗಂಟೆಯಲ್ಲಿ ಮೂರನೆಯ ಸಲ ಈ ಪ್ರಶ್ನೆ ಬಂತು. ಕೇಳುವವರ ತಪ್ಪಲ್ಲ. ಪಾವಗಡ ತಾಲ್ಲೂಕಿನ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ. ನನ್ನ ಹೆಂಡತಿಯ ತವರು ವಳ್ಳೂರೂ ಆ ಐದರಲ್ಲಿ ಒಂದು. ಕಡಲೆಕಾಯಿ ಬೆಳೆಯುತ್ತಿದ್ದ ಜಮೀನು ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಲೆಕ್ಕದಲ್ಲಿ ಗುತ್ತಿಗೆಗೆ ಹೋದ ಮೇಲೆ, ಯಂತ್ರ ಹಿಡಿದು ಬಂದವನು ಭೂಮಿ ಅಳೆಯದೆ ಹೋದಾನೆಯೇ?

“ಅಲ್ಲಪ್ಪ, ಫೋಟೋ” ಎಂದೆ.

“ಫೋಟೋಗಾದ್ರೆ ಮೊಬೈಲ್ ಇಲ್ವಾ?” ಎಂದವರು ಅದುವರೆಗೆ ಕೊಟ್ಟಿದ್ದ ಗೌರವವನ್ನು ವಾಪಸು ತೆಗೆದುಕೊಂಡು ಹೊರಟರು.

ನಿಜ ಹೇಳಬೇಕೆಂದರೆ ಅವರ ಗುಮಾನಿಯಲ್ಲಿ ಹುರುಳಿತ್ತು. ನನ್ನ ಕೈಲಿದ್ದುದು ಹಳೆಯ ಕ್ಯಾನನ್ ರೇಂಜ್‌ಫೈಂಡರ್ ಕ್ಯಾಮೆರಾ. ಅದರ ಹಣೆಯ ಮೇಲಿನ ಎರಡು ಕಿಂಡಿಗಳು ಒಂದೇ ವಸ್ತುವನ್ನು ಎರಡು ಕೋನದಿಂದ ನೋಡುತ್ತವೆ. ಲೆನ್ಸು ತಿರುಗಿಸಿದಂತೆ ಎರಡು ಬಿಂಬ ಹತ್ತಿರ ಬಂದು, ಒಂದರ ಮೇಲೊಂದು ಕೂತಾಗ ದೂರ ಸಿಕ್ಕಿತೆಂದು ಅರ್ಥ. 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಾಸಿ ಆಧಾರರೇಖೆ ಅಳೆದ ವಿಲಿಯಂ ಲ್ಯಾಂಬ್ಟನ್ ಬೆಟ್ಟದಿಂದ ಬೆಟ್ಟಕ್ಕೆ ಗುರಿಯಿಟ್ಟು ಮಾಡಿದ್ದೂ ಇದೇ ತ್ರಿಕೋನದ ಲೆಕ್ಕ. ಅವನ ರೇಖೆ ಮೈಲಿಗಟ್ಟಲೆ ಉದ್ದ. ನನ್ನದು ಎರಡು-ಮೂರು ಬೆರಳಗಲ. ಅವನು ದೇಶ ಅಳೆಯಲು ಹೊರಟ, ನಾನು ಅಜ್ಜಿಯ ಮೂಗಿನವರೆಗಿನ ದೂರ ಅಳೆಯಲು ಹೊರಟೆ.

ಕ್ಯಾಮೆರಾ ಒಂದು, ಲೆನ್ಸು ಮೂರು. ಮೂರೂ 50 ಮಿಲಿಮೀಟರಿನವು. ಜರ್ಮನಿಯ ಲೈಕಾ ಕ್ಯಾಮೆರಾಗಳ ಎಲ್ಮಾರ್ ಎರಡನೇ ಮಹಾಯುದ್ಧಕ್ಕೆ ಮುಂಚಿನದು, ಮ್ಯಾಕ್ಸ್ ಬೆರೆಕ್ ರೂಪಿಸಿದ್ದು, ಹುಣಿಸೆ ಬೀಜದ ಡಬ್ಬಿಯಷ್ಟು ಪುಟ್ಟದು. ಜಪಾನಿನ ಕ್ಯಾನನ್ 1950ರ ದಶಕದ್ದು. ಮೂರನೆಯದು ರಷ್ಯಾದ ಜುಪಿಟರ್-8. ಮೂರಕ್ಕೂ 39 ಮಿಲಿಮೀಟರಿನ ಒಂದೇ ಮರೆ, ತಿರುಪಿದರೆ ಕೂತುಕೊಳ್ಳುತ್ತವೆ. “ಮೂರೂ ಐವತ್ತೇ ಅಂದ್ಮೇಲೆ ಮೂರು ಯಾಕ್ರೀ? ಒಂದು ಬೋರಿಗೆ ಮೂರು ಮೋಟ್ರು ತಂದಂಗಾಯ್ತು” ಎಂದಳು ಹೆಂಡತಿ. ಬೋರು ಬತ್ತುವುದನ್ನೇ ನೋಡುತ್ತ ಬೆಳೆದವಳ ಬಾಯಲ್ಲಿ ಇದು ಸಣ್ಣ ಬೈಗುಳವಲ್ಲ.

ಜುಪಿಟರ್ ಎಂದರೆ ಗುರು. ಗುರು ಎಂಟು ಎಂದರೆ ಅಷ್ಟಮ ಗುರು! ಶನಿಮಹಾತ್ಮನ ದೇವಸ್ಥಾನಕ್ಕೆ ಹೆಸರಾದ ತಾಲ್ಲೂಕಿಗೆ ಅಷ್ಟಮ ಗುರುವನ್ನು ಚೀಲದಲ್ಲಿ ಹೊತ್ತು ತಂದ ಅಳಿಯ ನಾನೊಬ್ಬನೇ ಇರಬೇಕು. ಅದರ ಜಾತಕವೂ ಅಷ್ಟೇ ಗೋಜಲು. 1930ರ ದಶಕದ ಆರಂಭದಲ್ಲಿ ಲುಡ್ವಿಗ್ ಬರ್ಟೆಲೆ ಎಂಬಾತ ಝೈಸ್ ಕಂಪನಿಯ ಕಾಂಟ್ಯಾಕ್ಸ್ ಕ್ಯಾಮೆರಾಕ್ಕಾಗಿ ಸೊನ್ನಾರ್ ಎಂಬ ಲೆನ್ಸು ಮಾಡಿದ. ಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಆ ವಿನ್ಯಾಸ ರಷ್ಯನ್ನರ ಪಾಲಾಗಿ ಜುಪಿಟರ್ ಆಯಿತು. ದತ್ತು ಹೋದ ಮಗು ಹೆಸರು ಬದಲಿಸಿಕೊಂಡರೂ ಮೂಲ ಮನೆಯ ಅಳತೆ ಬಿಡಲಿಲ್ಲ. ಹೈಸ್ಕೂಲಿನಲ್ಲಿ ‘ಸಂಗಮದೂರ’ ಎಂದು ಕಲಿತೆವಲ್ಲ, ಅದು ಲೈಕಾ ಪದ್ಧತಿಯಲ್ಲಿ ವಾಸ್ತವವಾಗಿ 51.6 ಮಿಲಿಮೀಟರ್, ಕಾಂಟ್ಯಾಕ್ಸ್ ಪದ್ಧತಿಯಲ್ಲಿ 52.4. ಕ್ಯಾನನ್ ಕ್ಯಾಮೆರಾ ನಂಬುವುದು ಲೈಕಾ ಲೆಕ್ಕವನ್ನು. ಹೊರಗೆ ಐವತ್ತೆಂದು ಬರೆದುಕೊಂಡು ಒಳಗೆ ಯಾವುದೂ ಐವತ್ತಲ್ಲ! ಮದುವೆ ಜಾತಕದಲ್ಲಿ ಹುಡುಗನ ಎತ್ತರ ಬರೆದಂತೆ.

ಈ ಮುಕ್ಕಾಲು ಮಿಲಿಮೀಟರಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂದುಕೊಂಡು ಮುಂದುವರಿದೆ. ಅದರ ಫಲ ಆಮೇಲೆ ಬರುತ್ತದೆ.

ರೀಲಿನ ಬೆಲೆ ಈಗ ಸಾವಿರ ರೂಪಾಯಿಯ ಆಸುಪಾಸು. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪುಬಿಳುಪು ರೀಲು ಸಿಗುತ್ತಿದ್ದ ಕಾಲ ಹೋಯಿತು (ಹೆಸರು ಇಂದು, ಫೋಟೋ ಕೈಗೆ ಬರುತ್ತಿದ್ದುದು ಮುಂದಿನ ವಾರ). 36 ಚಿತ್ರಗಳನ್ನು ಮೂವರಿಗೆ ಹಂಚಿದರೆ ತಲೆಗೆ ಹನ್ನೆರಡು. ಅಣ್ಣತಮ್ಮಂದಿರ ಭಾಗ ಇಷ್ಟು ಜಗಳವಿಲ್ಲದೆ ಆಗುವುದು ಅಪರೂಪ.

ಮೊದಲು ಸೋಲಾರ್ ಫಲಕಗಳ ಸಾಲು. ನೇರ ಗೆರೆ, ಸಮ ಅಂತರ, ಮೇಲೆ ಬೆಂಕಿಯಂಥ ಬಿಸಿಲು. ಲೆನ್ಸು ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ? ಬರಿಯ ಗಾಜಿನ ಪ್ರತಿ ಮೈಯೂ ಬಂದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಎಲ್ಮಾರ್‌ನಲ್ಲಿ ಗಾಳಿಗೆ ತಾಗುವ ಮೈಗಳು ಆರು. ಒಬ್ಬೊಬ್ಬ ದಲ್ಲಾಳಿಯೂ ತನ್ನ ಕಮಿಷನ್ ಮುರಿದುಕೊಂಡರೆ ನೂರು ರೂಪಾಯಿ ಬೆಳಕಿನಲ್ಲಿ ಫಿಲ್ಮಿಗೆ ಸೇರುವುದು 78. ತಿಂದದ್ದು ತಿಂದು ಸುಮ್ಮನಾದರೂ ಚಿಂತೆಯಿಲ್ಲ. ಅದರಲ್ಲಿ ಒಂದಿಷ್ಟು ಒಳಗೊಳಗೇ ಅತ್ತಿತ್ತ ಪುಟಿದು ಚಿತ್ರದ ಮೇಲೆ ಮಂಜು ಹರಡುತ್ತದೆ. 1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಕುಲಾ ಗಾಜಿನ ಮೇಲೆ ತೆಳುವಾದ ಲೇಪನ ಕೊಟ್ಟು ಈ ಕಮಿಷನ್‌ಗೆ ಕತ್ತರಿ ಹಾಕಿದ. ಈಗಿನ ಸೋಲಾರ್ ಫಲಕದ ಗಾಜಿಗೂ ಸಾಮಾನ್ಯವಾಗಿ ಅಂಥದೇ ಲೇಪನವಿರುತ್ತದೆ, ಬೆಳಕು ಹಿಂದೆ ಹಾರಿದರೆ ಅಲ್ಲಿ ವಿದ್ಯುತ್ತು ನಷ್ಟ. ನನ್ನ ಎಲ್ಮಾರ್‌ಗೆ ಆ ಭಾಗ್ಯವಿರಲಿಲ್ಲ. ಲೇಪನವಿದ್ದ ಫಲಕವನ್ನು ಲೇಪನವಿಲ್ಲದ ಕಣ್ಣಿನಿಂದ ನೋಡಿದಂತಾಯಿತು.

ಕ್ಯಾನನ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಚೆನ್ನಾಗಿದೆ. ಮೂಲೆಯಿಂದ ಮೂಲೆಗೆ ಚೆನ್ನಾಗಿದೆ. ಕ್ಲಾಸಿಗೆ ಮೊದಲು ಬರುವ ಹುಡುಗನ ಜೊತೆ ಎಷ್ಟು ಹೊತ್ತು ಮಾತಾಡಲು ಸಾಧ್ಯ? ಈ ಜಾತಿಯ ಲೆನ್ಸುಗಳಿಗೆ ಒಳಗಿನ ಎಣ್ಣೆ ಆವಿಯಾಗಿ ಗಾಜಿಗೆ ಮಬ್ಬು ಹಿಡಿಯುವ ಕಾಯಿಲೆ ಉಂಟು. ನನ್ನದಕ್ಕೆ ಇನ್ನೂ ಬಂದಿಲ್ಲ. ಬೂಷ್ಟಂತೂ ಇಲ್ಲವೇ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಳಾಗುವ ಗಾಜು ಪಾವಗಡದ ಒಣ ಗಾಳಿಯಲ್ಲಿ ತಣ್ಣಗೆ ಬದುಕುತ್ತದೆ. ಬರ ಯಾರಿಗೆ ಒಳ್ಳೆಯದಾಯಿತು ಎಂದು ಕೇಳಿದರೆ ಹಳೆಯ ಲೆನ್ಸಿಗೆ ಎನ್ನಬಹುದು, ಆದರೆ ವಳ್ಳೂರಿನಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಲಾರೆ.

ಸಂಜೆ ಜಗಲಿಯಲ್ಲಿ ಹೆಂಡತಿಯ ಅಜ್ಜಿಯನ್ನು ಕೂರಿಸಿದೆ. ಒಂದು ಮೀಟರ್ ದೂರ, ಪೂರ್ತಿ ತೆರೆದ ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ. ರೇಂಜ್‌ಫೈಂಡರಿಗೆ ಹೊಳೆಯುವುದೇನಾದರೂ ಸಿಕ್ಕರೆ ಗುರಿ ಸುಲಭ. ಅಜ್ಜಿಯ ಮೂಗುತಿಯ ಹರಳು ಸಿಕ್ಕಿತು. “ಅಳಿಯಂದ್ರೇ, ಒಂದ್ಸಲ ತೆಗ್ದ್ರೆ ಸಾಲ್ದಾ? ಆ ಮೂತಿ ಬದ್ಲಾಯಿಸ್ತಾ ಇರೋದ್ಯಾಕೆ?” ಎಂದರು ಅಜ್ಜಿ. ನನ್ನ ಮೂತಿಯೋ ಕ್ಯಾಮೆರಾದ್ದೋ ಕೇಳಲಿಲ್ಲ.

ರೀಲು ತೊಳೆಸಿ ಪ್ರಿಂಟು ಹಾಕಿಸಿಕೊಂಡು ಬಂದಾಗ ಮೊದಲ ಮುಖಭಂಗ ಕಾದಿತ್ತು. ಬಿಸಿಲಿಗೆ ಬೆನ್ನು ಹಾಕಿ, ಅಪರ್ಚರನ್ನು ಎಫ್-8ಕ್ಕೆ ಕಿರಿದಾಗಿಸಿ ತೆಗೆದ ಚಿತ್ರಗಳಲ್ಲಿ ಯಾವುದು ಯಾವ ಲೆನ್ಸಿನದೆಂದು ನನಗೇ ಗೊತ್ತಾಗಲಿಲ್ಲ. ಚೀಟಿಯಲ್ಲಿ ಬರೆದುಕೊಂಡಿದ್ದೆ, ಚೀಟಿಯಲ್ಲಿ ಮಾವನವರು ಎಲೆಯಡಿಕೆ ಕಟ್ಟಿಕೊಂಡಿದ್ದರು. ಅಪರ್ಚರ್ ಕಿರಿದಾದರೆ ಎಲ್ಲ ಲೆನ್ಸೂ ಸಮವಸ್ತ್ರ ತೊಟ್ಟ ಮಕ್ಕಳೇ.

ಅಜ್ಜಿಯ ಮೂರು ಪಟಗಳದ್ದು ಬೇರೆ ಕಥೆ. ಎಲ್ಮಾರ್ ಅಜ್ಜಿಯನ್ನು ತೆಳು ಹೊಗೆಯ ಹಿಂದೆ ಕೂರಿಸಿತ್ತು. ಕ್ಯಾನನ್ ನನ್ನ ಮಾತು ಚಾಚೂ ತಪ್ಪದೆ ಪಾಲಿಸಿ ಮೂಗುತಿಯನ್ನು ಅಕ್ಕಸಾಲಿಗನಿಗೂ ಮೆಚ್ಚಿಗೆಯಾಗುವಷ್ಟು ಸ್ಫುಟವಾಗಿ ಮೂಡಿಸಿತ್ತು. ಕಣ್ಣು ಮಾತ್ರ ಕೊಂಚ ಮಸುಕು. ಜುಪಿಟರ್ ಚಿತ್ರದಲ್ಲಿ ಮೂಗುತಿ ಮಸುಕು, ಕಣ್ಣುಗಳು ಸೂಜಿಮೊನೆಯಷ್ಟು ಚೂಪು, ಆಚೆಗಿನ ಗೋಡೆ ಬೆಣ್ಣೆಯಂತೆ ಕರಗಿತ್ತು. ಕಾಗದ ತೆಗೆದು ಲೆಕ್ಕ ಹಾಕಿದೆ. ಆ ಮುಕ್ಕಾಲು ಮಿಲಿಮೀಟರ್ ಒಂದು ಮೀಟರ್ ದೂರದಲ್ಲಿ ಫೋಕಸನ್ನು ಸುಮಾರು ಮೂರು ಸೆಂಟಿಮೀಟರ್ ಹಿಂದಕ್ಕೆ ತಳ್ಳುತ್ತದೆ. ಮೂಗುತಿಯಿಂದ ಕಣ್ಣಿಗೆ ಇರುವುದೂ ಹೆಚ್ಚುಕಡಿಮೆ ಅಷ್ಟೇ.

ಯಾವುದು ಯಾವ ಲೆನ್ಸೆಂದು ಹೇಳದೆ ಮೂರನ್ನೂ ಅಜ್ಜಿಯ ಮುಂದಿಟ್ಟೆ. ಒಂದನ್ನು ಎತ್ತಿಕೊಂಡು, “ಇದು ನಾನು. ಅವೆರಡು ಯಾರೋ” ಎಂದರು. ಎತ್ತಿದ್ದು ಅಷ್ಟಮ ಗುರುವನ್ನೇ. ಅದೀಗ ಹಜಾರದ ಗೋಡೆಯಲ್ಲಿ, ದೇವರ ಕ್ಯಾಲೆಂಡರಿನ ಪಕ್ಕ ತೂಗುತ್ತಿದೆ.

ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಇಂಥ ಹಳೆಯ ಲೆನ್ಸು ಸಿಕ್ಕರೆ ದಯವಿಟ್ಟು ಪಂಚೆಯ ತುದಿಯಿಂದ ತಿಕ್ಕಬೇಡಿ. ಆ ಕಾಲದ ಲೇಪನ ಬಲು ಮೆದು, ಒಂದು ಸಲ ಗೀಚಿದರೆ ಹೋಯಿತು. ಧೂಳನ್ನು ಊದಿ, ಮುಚ್ಚಳ ಹಾಕಿಡಿ.