ಬಿಂಗ್ಸು ಎಂಬ ಬಿಳಿ ಗುಡ್ಡ

ದಕ್ಷಿಣ ಕೊರಿಯಾದ ಸೋಲ್ ನಗರದ ಕೆಫೆಗಳಲ್ಲಿ ಬೇಸಿಗೆ ಬಂತೆಂದರೆ ಬಿಂಗ್ಸುವಿನದೇ ದರ್ಬಾರು. ಹೆಪ್ಪುಗಟ್ಟಿಸಿದ ಹಾಲನ್ನು ನವಿರಾಗಿ ಹೆರೆದು, ಬಟ್ಟಲ ಅಂಚು ಮೀರಿ ಗುಡ್ಡ ಮಾಡಿ, ಸಕ್ಕರೆಯಲ್ಲಿ ಬೇಯಿಸಿದ ಕೆಂಪು ಕಾಳು ಸುರಿದರೆ ಪಾತ್‌ಬಿಂಗ್ಸು. ಐಸಿನ ಮೇಲೆ ಕಾಳೇ ಎಂದು ಮೂಗು ಮುರಿಯಬೇಡಿ; ಹೋಳಿಗೆಯ ಹೂರಣ ಕದ್ದು ತಿಂದವರಿಗೆ ಈ ರುಚಿ ತೀರಾ ಹೊಸದಲ್ಲ.

ಒಬ್ಬರೇ ಹೋದರೆ ಪೇಚು. ಬಟ್ಟಲು ಇಬ್ಬರು ಮೂವರಿಗೆಂದೇ ಅಳೆದದ್ದು. ಜೊತೆಗೂಡಿ ಹೋದರೆ ಜಗಳ: ಕಲಸಿ ತಿನ್ನಬೇಕೋ, ಕಲಸದೆಯೋ? ತೀರ್ಪು ಬರುವಷ್ಟರಲ್ಲಿ ಗುಡ್ಡ ಕರಗಿ ಕೆರೆಯಾಗಿರುತ್ತದೆ. ರಾಜಿಗೆ ಇಷ್ಟು ಕಡಿಮೆ ವಾಯಿದೆ ಕೊಡುವ ತಿಂಡಿ ಇನ್ನೊಂದಿಲ್ಲ.

ಹಿಂದೆ ಕೊರಿಯಾ ಆಳಿದ ಜೋಸನ್ ಅರಸರ ಕಾಲದಲ್ಲಿ ಚಳಿಗಾಲದ ಹಾನ್ ನದಿಯಿಂದ ಮಂಜುಗಡ್ಡೆ ಕಡಿದು, ಸೊಬಿಂಗೊ ಎಂಬ ಉಗ್ರಾಣದಲ್ಲಿ ಕಾಪಿಟ್ಟು, ಬೇಸಿಗೆಯಲ್ಲಿ ಅಧಿಕಾರಿಗಳಿಗೆ ಹಂಚುತ್ತಿದ್ದರು. ಈಗ ಕಾಸಿದ್ದವರೆಲ್ಲ ಅಧಿಕಾರಿಗಳೇ. ಎಷ್ಟು ಕಾಸು ಅಂದಿರಾ? ಸೋಲ್‌ನ ಶಿಲ್ಲಾ ಹೋಟೆಲಿನ ಮಾವಿನ ಬಿಂಗ್ಸುವಿಗೆ 2024ರಲ್ಲಿ 1,02,000 ವೋನ್, ಅಂದರೆ ಆರು ಸಾವಿರ ರೂಪಾಯಿಗೂ ಮೇಲೆ! ಅದಕ್ಕೂ ಜನ ಸಾಲುಗಟ್ಟಿ ಕಾಯುತ್ತಾರೆ, ಬಂದ ಮೇಲೆ ಮೊದಲು ಫೋನಿಗೆ ನೈವೇದ್ಯ. ಕರಗಿ ಹೋಗುವ ಮಾಲಿಗೆ ಇಷ್ಟು ಗಿರಾಕಿಗಳೆಂದರೆ ಬಂಗಾರದ ಅಂಗಡಿಯವರಿಗೂ ಹೊಟ್ಟೆ ಉರಿದೀತು. ಆ ಉರಿಗೂ ಮದ್ದು ಬಿಂಗ್ಸುವೇ.