ಕಟರ್ ಸಾಹೇಬರ ಬೇಸಿಗೆ ವೇಳೆ

ಏಪ್ರಿಲ್ ಬಂತೆಂದರೆ ರಾಯಚೂರಿನ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು, ಮಧ್ಯಾಹ್ನ 1.30ಕ್ಕೆ ಬೀಗ. ಮೇ ಮುಗಿಯುವ ತನಕ ಕಲಬುರಗಿ ವಿಭಾಗದ ಬಿಸಿಲಿಗೆ ಸರ್ಕಾರ ತೋರಿಸುವ ಮರ್ಯಾದೆ ಇದು. ಆ ಆದೇಶದ ಪ್ರತಿ ನನ್ನ ಅಳಿಯನ ಎಸಿ ರಿಪೇರಿ ಅಂಗಡಿಗೆ ಬರುವುದಿಲ್ಲ. ಆದರೂ ಅವನ ಬ್ಯಾಟರಿ ಕಟರಿಗೆ ಅದು ಹೇಗೋ ತಲುಪಿದೆ. ಊಟದ ಹೊತ್ತಾಯಿತೋ ಇಲ್ಲವೋ, ಸಾಹೇಬರು ಕೆಲಸ ಬಂದ್ ಮಾಡಿ ಕೂತುಬಿಡುತ್ತಾರೆ.

ನೋಡಲು ಅದು ಡ್ರಿಲ್ ಮಷೀನಿನ ತಮ್ಮನ ಹಾಗಿದೆ. ಮೂತಿ ಇರಬೇಕಾದಲ್ಲಿ ಒಂದು ಕಡೆ ತೆರೆದ ಬಾಯಿ. ಬಾಯಿಗೆ ತಾಮ್ರದ ಪೈಪು ಕೊಟ್ಟು ಗುಂಡಿ ಒತ್ತಿದರೆ ಒಳಗಿನ ತಲೆ ಪೈಪಿನ ಸುತ್ತ ಗಿರಗಿರ ತಿರುಗುತ್ತದೆ. ಒಂದು ಕಡೆಯಿಂದ ಉರುಳೆಗಳು ಒತ್ತಿ ಹಿಡಿದರೆ ಎದುರಿನಿಂದ ಚಕ್ರದಂಥ ಬ್ಲೇಡು ಸುತ್ತಿಗಿಷ್ಟು ಒಳಗಿಳಿಯುತ್ತದೆ. ನೀವು ಮೂಗು ತುರಿಸಿಕೊಳ್ಳುವಷ್ಟರಲ್ಲಿ ಪೈಪು ಎರಡು ತುಂಡು. ಹಳೆಯ ಕೈ ಕಟರಿನಲ್ಲಿ ಸುತ್ತಿಗೊಮ್ಮೆ ತಿರುಪು ಬಿಗಿ ಮಾಡುತ್ತಾ ನಾವೇ ಸುತ್ತಬೇಕು. ಗೋಡೆಗೂ ಪೈಪಿಗೂ ಸಂದಿಲ್ಲದ ಕಡೆ ಪೈಪಿಗಿಂತ ಮೊದಲು ಬೆರಳ ಗೆಣ್ಣು ಸುಲಿಯುತ್ತಿತ್ತು.

ನಾನು ಮೇಷ್ಟ್ರು. ಬೇಸಿಗೆ ರಜೆಯಲ್ಲಿ ಜನ ಊಟಿಗೆ ಹೋಗುತ್ತಾರೆ. ನಾನು ಅಳಿಯನ ಬೈಕಿನ ಹಿಂದೆ ಕೂತು, ಕಟರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎಸಿ ಕೂಡಿಸುವ ಮನೆಗಳಿಗೆ ಹೋಗುತ್ತೇನೆ. ಎರಡೂ ತಂಪಿನ ಪ್ರವಾಸವೇ, ನನ್ನದರಲ್ಲಿ ತಂಪು ಕೊನೆಗೆ ಬರುತ್ತದೆ ಅಷ್ಟೇ.

ಹಾಗೆ ಗಬ್ಬೂರು ದಾಟಿ ದೇವದುರ್ಗಕ್ಕೆ ಹೋಗಿದ್ದೆವು. ಹೊಸ ಎಸಿ, ಮಹಡಿ ಕೋಣೆ. ಅರ್ಧ ಕೆಲಸವಾಗುವಷ್ಟರಲ್ಲಿ ಕಟರ್ ಪೈಪನ್ನು ಕಚ್ಚಿ ಹಿಡಿದು ನಿಂತಿತು. ನಡುವೆ ನಿಂತರೆ ಇದರ ಬಾಯಿ ತಾನಾಗಿ ಬಿಡುವುದಿಲ್ಲ. ಹಿಂದಕ್ಕೆ ತಿರುಗಿಸುವ ಗುಂಡಿ ಒತ್ತಿ, ಬಾಯಿ ಸರಿಯಾಗಿ ತೆರೆದ ಜಾಗಕ್ಕೆ ಬರುವ ತನಕ ತಲೆಯನ್ನು ಸುತ್ತಿಸಬೇಕು. ಸುತ್ತಿಸಲು ಬ್ಯಾಟರಿ ಬೇಕು, ಅದರಲ್ಲಿದ್ದದ್ದು ಮುಗಿದಿತ್ತು. ಬೇರೆ ಬ್ಯಾಟರಿ ಬೈಕಿನ ಡಬ್ಬಿಯಲ್ಲಿತ್ತು, ಬೈಕು ಬಿಸಿಲಲ್ಲಿತ್ತು. ತಂದು ಚಾರ್ಜರಿಗೆ ಹಾಕಿದರೆ ಹಸಿರು ದೀಪ ಬರಲೊಲ್ಲದು, ಕೆಂಪು ದೀಪ ಮಿಟಿಮಿಟಿ.

“ಕೆಟ್ಟದೇನೋ?” ಎಂದೆ.

“ಇಲ್ಲ ಮಾವ, ಕಾದದ. ತಣ್ಣಗಾಗೋತನ ಚಾರ್ಜ್ ತಗೊಳ್ಳಂಗಿಲ್ಲ.”

ಲಿಥಿಯಂ ಅಯಾನ್ ಬ್ಯಾಟರಿಯ ಜಾತಕವೇ ಹಾಗೆ. ಒಳಗಿನ ಕೋಶ ಸುಮಾರು 45 ಡಿಗ್ರಿ ಮೀರಿದರೆ ಚಾರ್ಜ್ ಮಾಡಬಾರದು, ಮಾಡಿದರೆ ಅದರ ಆಯುಷ್ಯ ಕಡಿಮೆ. ಬಿಸಿ ಗೊತ್ತಾಗಲು ಒಳಗೊಂದು ಸಂವೇದಕ ಇಟ್ಟಿರುತ್ತಾರೆ. ಈ ಬ್ಯಾಟರಿಗಾಗಿ 2019ರ ರಸಾಯನಶಾಸ್ತ್ರದ ನೊಬೆಲ್ ಮೂವರಿಗೆ ಬಂತು: ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ. ಗುಡ್‌ಇನಫ್ ಅಜ್ಜನಿಗೆ ಆಗ 97 ವರ್ಷ. ಆ ಪದಕವನ್ನು ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಕೊಡುತ್ತಾರೆ. ಮೇ ತಿಂಗಳ ಮಧ್ಯಾಹ್ನ ನಮ್ಮ ರಾಯಚೂರಿನ ತೀನ್ ಕಂದೀಲಿನಲ್ಲಿ ಪೆಂಡಾಲು ಹಾಕಿ ಕೊಟ್ಟಿದ್ದರೆ ವಿಜ್ಞಾನ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಈಗ ಬಿಕ್ಕಟ್ಟು ನೋಡಿ. ಎಸಿ ಕೂಡಬೇಕಾದರೆ ಬ್ಯಾಟರಿ ತಣ್ಣಗಾಗಬೇಕು. ಬ್ಯಾಟರಿ ತಣ್ಣಗಾಗಬೇಕಾದರೆ ಎಸಿ ಕೂಡಬೇಕು. ಮನೆಯ ಅಮ್ಮ ಫ್ರಿಜ್ಜಿನಲ್ಲಿಡಲು ಹೇಳಿದರು. ಅಳಿಯ ಒಪ್ಪಲಿಲ್ಲ. ಫ್ರಿಜ್ಜಿನಿಂದ ಈ ಸೆಕೆಗೆ ತೆಗೆದರೆ ಅದರ ಮೈಮೇಲೆಲ್ಲ ನೀರು ಕೂರುತ್ತದೆ. ಕೊನೆಗೆ ಉಳಿದದ್ದು ಪಡಸಾಲೆಯ ಕೂಲರು. ಅದರ ಮುಂದೆ ಮಂಚದ ಮೇಲೆ ಮನೆಯ ಅಜ್ಜ ಮಲಗಿದ್ದರು. ಅವರನ್ನು ಒಂದಿಷ್ಟು ಆ ಕಡೆ ಸರಿಸಿ, ಸ್ಟೂಲಿನ ಮೇಲೆ ಬ್ಯಾಟರಿಯನ್ನು ಪ್ರತಿಷ್ಠಾಪಿಸಿದೆವು.

“ಏನಪಾ ಅದು?” ಅಜ್ಜ ಒಂದು ಕಣ್ಣು ತೆರೆದರು.

“ಬ್ಯಾಟರಿ ಅಜ್ಜಾ. ಕಾದದ.”

“ನಾನೂ ಕಾದೀನಿ. ನನ್ನ ಕೂಲರ್ ಮುಂದ ಇಡ್ರಿ ಅಂತ ಇವರಿಗೆ ಹೋಳಿ ಹುಣ್ಣಿಮಿಯಿಂದ ಹೇಳಾಕತ್ತೀನಿ. ನಿನ್ನೆ ಇಟ್ಟಾರ. ಇದಕ್ಕ ಬಂದ ಕೂಡ್ಲೆ ಜಾಗಾ ಸಿಕ್ತು.”

ಬ್ಯಾಟರಿ ತಣ್ಣಗಾಗುವ ತನಕ ಅಜ್ಜನನ್ನು ಸಮಾಧಾನ ಮಾಡುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ರಾಯಚೂರು ಕೋಟೆಯ ಮಾತು ತೆಗೆದೆ. ಅಲ್ಲಿಯ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲಿದೆ, 1294ರ ಶಾಸನವಿದೆ, ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸಿದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ ಎಂದೆಲ್ಲ ಹೇಳಿದೆ. ಅಜ್ಜ ಪೂರ್ತಿ ಕೇಳಿ, “ಕ್ವಾಣ ಮಧ್ಯಾಹ್ನ ನಿಂತ್ರ ನೀರಾಗ ಬಿಡ್ತಿದ್ರು. ಇದನ್ನ ನೀರಾಗ ಬಿಡಾಕ ಬರ್ತದೇನು?” ಎಂದು ಮಗ್ಗುಲಾದರು.

ದೇವದುರ್ಗದಲ್ಲಿ ಬಿಸಿಲು ಕಾಡಿದರೆ, ಮಾನ್ವಿಯಲ್ಲಿ ಬಿಸಿಲಿಗಿಂತ ದೂಳಿನ ಕಾಟ ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಬತ್ತ, ಬತ್ತಕ್ಕೆ ರೈಸ್ ಮಿಲ್ಲು, ಮಿಲ್ಲಿನಿಂದ ಹೊಟ್ಟು. ಅಂಥದೊಂದು ಮಿಲ್ಲಿನ ಆಫೀಸಿಗೆ ಎಸಿ ಕೂಡಿಸುವಾಗ ಕಟರ್ ತಿರುಗುತ್ತಿತ್ತು, ಆದರೆ ಪೈಪಿನ ಮೇಲೆ ಒಂದು ಗೆರೆಯ ಬದಲು ಸ್ಕ್ರೂವಿನ ಹಾಗೆ ಸುರುಳಿ ಮೂಡುತ್ತಿತ್ತು. ಇದಕ್ಕೆ ಕಾರಣ ಹಲವು. ಪೈಪಿನ ಕಟ್ಟು ಬಿಡಿಸುವಾಗ ಅದು ಚಪ್ಪಟೆಯಾಗಿರಬಹುದು, ಬ್ಲೇಡಿನ ಅಂಚು ಮುರಿದಿರಬಹುದು, ಅದರ ಪಿನ್ನು ಸಡಿಲವಾಗಿರಬಹುದು. ಅಳಿಯ ಮೊದಲು ಬ್ಯಾಟರಿ ಬಿಚ್ಚಿಟ್ಟ, ಆಮೇಲೆ ಬಾಯೊಳಗೆ ಟಾರ್ಚು ಬಿಟ್ಟ. ಒಂದು ಉರುಳೆ ಗ್ರೀಸು, ಹೊಟ್ಟು, ತಾಮ್ರದ ಚೂರು ಮೂರೂ ಕಲೆತ ಮುದ್ದೆಯಲ್ಲಿ ಹೂತು ತಿರುಗದೆ ನಿಂತಿತ್ತು. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಂದು ಹನಿ ಎಣ್ಣೆ ಬಿಟ್ಟ. ಸುರುಳಿ ಗೆರೆಯಾಯಿತು.

ಕತ್ತರಿಸಿದ ಮೇಲೆ ಪೈಪಿನ ಅಂಚು ಒಳಕ್ಕೆ ಮಡಚಿರುತ್ತದೆ. ಪೈಪಿನ ಬಾಯಿ ಕೆಳಗೆ ಮಾಡಿ ರೀಮರಿನಿಂದ ಹೆರೆಯಬೇಕು, ಒಂದು ಚೂರು ಒಳಗೆ ಬಿದ್ದರೂ ಅದು ಕಂಪ್ರೆಸರಿನ ತನಕ ಹೋಗಿ ಕೂರಬಹುದು. ಇನ್ನು ಸಾಹೇಬರಿಗೆ ಸಣ್ಣ ಪೈಪು ಬಾಯಿಗೆ ಸಿಗುವುದಿಲ್ಲ. ಮಿಸ್ತ್ರಿಗಳ ಲೆಕ್ಕದಲ್ಲಿ ಇಂಚಿಗೆ ಎಂಟು ಸೂತು. ಸಾಮಾನ್ಯ ಮನೆಯ ಎಸಿಗೆ ನಾಲ್ಕು ಸೂತಿನದೊಂದು, ಎರಡು ಸೂತಿನದೊಂದು ಪೈಪು. ನಾಲ್ಕು ಸೂತನ್ನು ಸಾಹೇಬರು ಕತ್ತರಿಸುತ್ತಾರೆ. ಎರಡು ಸೂತಿಗೆ ಅಳಿಯ ಜೇಬಿನಿಂದ ಹಳೆ ಕೈ ಕಟರ್ ತೆಗೆಯುತ್ತಾನೆ. ಅದಕ್ಕೆ ಚಾರ್ಜರೂ ಬೇಡ, ಕೂಲರೂ ಬೇಡ.

ಮಿಲ್ಲಿನ ಸಾಹುಕಾರರು ಇದನ್ನೆಲ್ಲ ಕುರ್ಚಿಯಿಂದ ನೋಡುತ್ತಿದ್ದರು. “ಇದು ಕಬ್ಬು ಕಡೀತದೇನ್ರಿ?” ಎಂದು ಕೇಳಿದರು. ಇಲ್ಲ ಎಂದಾಗ ಕಟರಿನ ಮೇಲಿನ ಗೌರವ ತುಸು ಇಳಿದಂತೆ ಕಂಡಿತು. ಬಿಲ್ಲು ಕೈಗೆ ಬಂದಾಗ ಕನ್ನಡಕ ಏರಿಸಿದರು.

“ಕೂಲಿ ಭಾಳ ಹಾಕೀರಲ್ಲ?”

“ಪೈಪ್ ಕೆಲಸ ಅದರೀ ಸಾಹುಕಾರ್ರೆ.”

“ಪೈಪು ಮಷೀನ್ ಕಡಿದದ. ಟುರ್ ಅಂತು, ಆತು. ನೀವೇನ್ ಮಾಡೀರಿ?”

ಅಳಿಯ ಉತ್ತರ ಕೊಡಲಿಲ್ಲ, ಸಾಹುಕಾರರು ಹೇಳಿದಷ್ಟು ಕಡಿಮೆ ಮಾಡಿದ. ಆದರೆ ಅಲ್ಲಿಂದೀಚೆಗೆ ಮಾನ್ವಿ ಕಡೆ ಹೋದರೆ ಪೆಟ್ಟಿಗೆ ನನ್ನ ತೊಡೆಯ ಮೇಲೆ ಮುಚ್ಚಿಯೇ ಇರುತ್ತದೆ. ಮೊದಲು ಗಿರಾಕಿಯ ಮುಖ ನೋಡುತ್ತಾನೆ. ಚೌಕಾಸಿಯ ಮುಖ ಕಂಡರೆ ಕೈ ಕಟರ್ ತೆಗೆದು, ಸುತ್ತಿಗೊಮ್ಮೆ ತಿರುಪು ಬಿಗಿ ಮಾಡಿ, ಸುತ್ತಿಗೊಮ್ಮೆ “ಯಪ್ಪಾ” ಎಂದು, ಬೆವರು ಒರೆಸಿಕೊಳ್ಳುತ್ತಾ ಪೈಪು ಕತ್ತರಿಸುತ್ತಾನೆ. ಪೂರ್ತಿ ಕೂಲಿ ಕೊಟ್ಟು ಮೇಲೆ ಚಹಾನೂ ಕುಡಿಸುತ್ತಾರೆ.